ವ್ಯಾಪಾರದ ಷರತ್ತುಗಳಿಗೆ ಗ್ರಾಹಕರ ಸಮ್ಮತಿ: ಬಿಲ್ಲಿಗಿಂತ ಮುಂಚೆ ಪಡೆಯಬೇಕಾದ ಸಹಿ

ಸಣ್ಣ ಉದ್ಯಮಿಗಳ ಬಿಲ್ಲು ಪುಸ್ತಕವನ್ನು ತೆರೆದು ನೋಡಿದರೆ ಕೆಳಭಾಗದಲ್ಲೋ ಹಿಂಬದಿಯಲ್ಲೋ ಸಣ್ಣ ಅಕ್ಷರಗಳಲ್ಲಿ ನಾಲ್ಕಾರು ಸಾಲುಗಳು ಕಾಣಸಿಗುತ್ತವೆ. "30 ದಿನಗಳ ನಂತರ ಶೇ. 24ರಂತೆ ಬಡ್ಡಿ", "ದೋಷಗಳಿದ್ದಲ್ಲಿ 7 ದಿನಗಳೊಳಗೆ ತಿಳಿಸತಕ್ಕದ್ದು", "ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ", "ಬೆಂಗಳೂರು ನ್ಯಾಯವ್ಯಾಪ್ತಿಗೆ ಒಳಪಟ್ಟಿದೆ". ಬಹುತೇಕ ಸಂದರ್ಭಗಳಲ್ಲಿ ಮುದ್ರಣಾಲಯದವರು ಬೇರೊಬ್ಬರ ಬಿಲ್ಲನ್ನು ನೋಡಿ ಈ ಸಾಲುಗಳನ್ನು ಅಚ್ಚು ಹಾಕಿರುತ್ತಾರೆ. ಮಾಲೀಕರು ಅವುಗಳನ್ನು ಓದಿರುವುದಿಲ್ಲ; ಗ್ರಾಹಕರಂತೂ ಓದಿರುವುದೇ ಇಲ್ಲ. ಆದರೂ ಹಣ ಬಾರದೆ ತಕರಾರು ಹುಟ್ಟಿದ ದಿನ ಮಾಲೀಕರು ಮೊದಲು ಬೆರಳು ತೋರಿಸುವುದು ಈ ಸಾಲುಗಳ ಕಡೆಗೇ. ಆಗ ಎದುರಾಗುವ ಪ್ರಶ್ನೆ ಒಂದೇ: ಈ ಷರತ್ತುಗಳಿಗೆ ಗ್ರಾಹಕರು ಒಪ್ಪಿದ್ದು ಯಾವಾಗ?

ಒಂದು ನಿದರ್ಶನ

ಗೋವಿಂದರಾಜನಗರ, ಅದಕ್ಕೆ ಹೊಂದಿಕೊಂಡ ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಇಕ್ಕೆಲಗಳು ಸಣ್ಣ ಘಟಕಗಳಿಗೆ ಹೆಸರಾದ ಪ್ರದೇಶಗಳು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ಸಣ್ಣ ಕೈಗಾರಿಕೆಗಳ ಸಂಘದ (ಕಾಸಿಯಾ) ಕಚೇರಿಯೂ ಪಕ್ಕದ ವಿಜಯನಗರದಲ್ಲಿಯೇ ಇದೆ. ಇಂಥ ಪರಿಸರದಲ್ಲಿ ಪೌಡರ್ ಕೋಟಿಂಗ್ ಜಾಬ್ ವರ್ಕ್ ಮಾಡುವ ಒಂದು ಘಟಕವನ್ನು ಕಲ್ಪಿಸಿಕೊಳ್ಳಬಹುದು. ವಿದ್ಯುತ್ ಪ್ಯಾನೆಲ್ ತಯಾರಕರೊಬ್ಬರು ಫೋನಿನಲ್ಲಿ ದರ ಕೇಳಿ, ಒಪ್ಪಿ, ಟೆಂಪೋದಲ್ಲಿ ತಗಡಿನ ಪೆಟ್ಟಿಗೆಗಳನ್ನು ಕಳುಹಿಸುತ್ತಾರೆ. ಕೆಲಸ ಮುಗಿದು ಮಾಲು ಹೋಗುತ್ತದೆ. ಅದರೊಂದಿಗೆ 1,80,000 ರೂಪಾಯಿಗಳ ಬಿಲ್ಲೂ ಹೋಗುತ್ತದೆ. ಎರಡು ತಿಂಗಳ ನಂತರ ಹಣ ಕೇಳಿದಾಗ, ಕೆಲವು ಪೆಟ್ಟಿಗೆಗಳಲ್ಲಿ ಬಣ್ಣ ಎದ್ದಿದೆಯೆಂದೂ 40,000 ರೂಪಾಯಿ ಕಡಿತ ಮಾಡುವುದಾಗಿಯೂ, ಉಳಿದುದನ್ನು ತಮ್ಮ ಪಾರ್ಟಿಯಿಂದ ಹಣ ಬಂದ ಮೇಲೆ ಕೊಡುವುದಾಗಿಯೂ ಉತ್ತರ ಬರುತ್ತದೆ. "ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ" ಎಂಬ ಗಾದೆ ನೆನಪಾಗುವುದು ಇಂಥ ಸಂದರ್ಭದಲ್ಲೇ.

ಘಟಕದ ಮಾಲೀಕರು ಬಿಲ್ಲಿನ ಹಿಂಬದಿಯನ್ನು ತೋರಿಸುತ್ತಾರೆ: ದೋಷವನ್ನು 7 ದಿನಗಳಲ್ಲಿ ತಿಳಿಸಬೇಕಿತ್ತು, 30 ದಿನ ಮೀರಿದ್ದರಿಂದ ಬಡ್ಡಿ ಸಲ್ಲಬೇಕು. ಆದರೆ ಬಿಲ್ಲು ತಲುಪಿದ್ದು ದರ ಗೊತ್ತಾದ ಮೇಲೆ, ಕೆಲಸವೂ ಮುಗಿದ ಮೇಲೆ. ವ್ಯವಹಾರ ಕುದುರಿದಾಗ ಈ ಷರತ್ತುಗಳ ಪ್ರಸ್ತಾಪವೇ ಇರಲಿಲ್ಲ. ಘಟಕದ ಪಕ್ಷ ದುರ್ಬಲವಾಗುವುದು ಇಲ್ಲಿಯೇ.

ಕಾಯ್ದೆ ಏನು ಹೇಳುತ್ತದೆ

1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಒಬ್ಬರ ಪ್ರಸ್ತಾವವನ್ನು ಇನ್ನೊಬ್ಬರು ಅಂಗೀಕರಿಸಿದಾಗ ಅದು ವಚನವಾಗುತ್ತದೆ. ಕಾನೂನಿನ ಬಲವುಳ್ಳ ಒಪ್ಪಂದವೇ ಕರಾರು. ಕಲಂ 13ರಂತೆ ಇಬ್ಬರೂ ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಅದನ್ನು ಸಮ್ಮತಿ ಎನ್ನಲಾಗುತ್ತದೆ. ಕಲಂ 7ರಂತೆ ಅಂಗೀಕಾರವು ಪೂರ್ಣವೂ ನಿಶ್ಶರ್ತವೂ ಆಗಿರಬೇಕು. ಕರಾರು ಒಮ್ಮೆ ಪೂರ್ಣಗೊಂಡ ಮೇಲೆ ಒಂದು ಕಡೆಯವರು ತಮ್ಮಷ್ಟಕ್ಕೆ ತಾವೇ ಹೊಸ ಷರತ್ತು ಸೇರಿಸಲು ಬರುವುದಿಲ್ಲ. ಕಲಂ 62ರಂತೆ ಬದಲಾವಣೆಗೂ ಉಭಯರ ಒಪ್ಪಿಗೆ ಬೇಕು. ಮೌನವನ್ನು ಸಮ್ಮತಿಯೆಂದು ಎಣಿಸುವ ಲೋಕರೂಢಿ ಕರಾರಿನ ವಿಷಯದಲ್ಲಿ ಸಾಮಾನ್ಯವಾಗಿ ನಡೆಯದು.

ಹೀಗೆಂದ ಮಾತ್ರಕ್ಕೆ ಸಹಿಯಿಲ್ಲದ ಒಪ್ಪಂದವೆಲ್ಲ ನಿರರ್ಥಕವೆಂದಲ್ಲ. ಷರತ್ತುಗಳುಳ್ಳ ದರಪತ್ರವನ್ನು ಮೊದಲೇ ಕಳುಹಿಸಿದ್ದು, ಅದನ್ನು ಪಡೆದ ಗ್ರಾಹಕರು ಮುಂಗಡವನ್ನೋ ಮಾಲನ್ನೋ ಕಳುಹಿಸಿದರೆ, ಆ ನಡತೆಯೇ ಅಂಗೀಕಾರವೆಂದು ವಾದಿಸಲು ಕಲಂ 8 ಅವಕಾಶ ನೀಡುತ್ತದೆ. ಒಂದೇ ಷರತ್ತು ದರಪತ್ರದಲ್ಲಿದ್ದರೆ ಬಲ ಪಡೆಯುತ್ತದೆ, ಬಿಲ್ಲಿನಲ್ಲಿ ಮಾತ್ರ ಇದ್ದರೆ ಸೊರಗುತ್ತದೆ. ಷರತ್ತು ಎಷ್ಟು ಕಠಿಣವಾಗಿದೆ ಎಂಬುದಕ್ಕಿಂತ ಅದು ಗ್ರಾಹಕರ ಕಣ್ಣಿಗೆ ಯಾವಾಗ ಬಿತ್ತು ಎಂಬುದೇ ಮುಖ್ಯ.

ಸ್ವೀಕೃತಿಗೂ ಸಮ್ಮತಿಗೂ ಇರುವ ಅಂತರವನ್ನು ಸಹ ಗಮನಿಸಬೇಕು. ಗ್ರಾಹಕರ ಉಗ್ರಾಣದ ಸಿಬ್ಬಂದಿ ಚಲನ್ ಮೇಲೆ ಸೀಲು ಹಾಕಿ ಸಹಿ ಮಾಡಿದರೆ ಮಾಲು ತಲುಪಿದೆಯೆಂಬುದಕ್ಕೆ ಅದು ಪುರಾವೆ. ಸಂಸ್ಥೆಯ ಪರವಾಗಿ ಬಡ್ಡಿಗೂ ನ್ಯಾಯವ್ಯಾಪ್ತಿಗೂ ಒಪ್ಪುವ ಅಧಿಕಾರ ಆ ಸಿಬ್ಬಂದಿಗೆ ಇತ್ತೆಂದು ಸಾಧಿಸುವುದು ಕಷ್ಟ. ಷರತ್ತುಗಳಿಗೆ ಮಾಲೀಕರು, ಪಾಲುದಾರರು, ನಿರ್ದೇಶಕರು ಅಥವಾ ಅಧಿಕಾರ ಪಡೆದ ಖರೀದಿ ಅಧಿಕಾರಿ ಇವರಲ್ಲೊಬ್ಬರ ಸಹಿ ಇರುವುದು ಲೇಸು.

ಸಹಿ ಮಾಡಿದ ಕಾಗದ, ಸಹಿಯಿಲ್ಲದ ರಸೀದಿ

ಎರಡು ತೀರ್ಪುಗಳು ಈ ವಿಷಯವನ್ನು ಸ್ಪಷ್ಟಪಡಿಸುತ್ತವೆ. 'ಭಾರತಿ ನಿಟ್ಟಿಂಗ್ ಕಂಪನಿ' ಮತ್ತು 'ಡಿ.ಎಚ್.ಎಲ್.' ಕೊರಿಯರ್ ಸಂಸ್ಥೆಯ ನಡುವಣ ಮೊಕದ್ದಮೆಯಲ್ಲಿ, ಕಳುಹಿಸಿದವರು ಸಹಿ ಮಾಡಿದ್ದ ರವಾನೆ ಪತ್ರದಲ್ಲಿ ಹೊಣೆಗಾರಿಕೆ 100 ಅಮೆರಿಕನ್ ಡಾಲರುಗಳಿಗೆ ಸೀಮಿತವೆಂಬ ಷರತ್ತಿತ್ತು. ನಷ್ಟ ಅದಕ್ಕಿಂತ ಬಹಳ ಹೆಚ್ಚೆಂದು ವಾದಿಸಿದರೂ, ಸಹಿ ಮಾಡಿದ ಷರತ್ತಿಗೆ ಬದ್ಧರಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪಿತ್ತಿತು.

ಇದಕ್ಕೆ ಪ್ರತಿಯಾಗಿ ಮದ್ರಾಸ್ ಉಚ್ಚ ನ್ಯಾಯಾಲಯದ ಮುಂದೆ ಬಂದ 'ಲಿಲಿ ವೈಟ್' ಲಾಂಡ್ರಿಯ ಪ್ರಕರಣವನ್ನು ನೋಡಬಹುದು. ಒಗೆಯಲು ಕೊಟ್ಟ ಹೊಸ ಸೀರೆ ಕಳೆದುಹೋಯಿತು. ವಸ್ತು ಕಳೆದುಹೋದರೆ ಅದರ ಬೆಲೆಯ ಒಂದು ಭಾಗವನ್ನು ಮಾತ್ರ ಕೊಡಲಾಗುವುದೆಂದು ರಸೀದಿಯ ಹಿಂಬದಿಯಲ್ಲಿ ಮುದ್ರಿತವಾಗಿತ್ತು. ಇಂಥ ಷರತ್ತು ಸಾರ್ವಜನಿಕ ಹಿತಕ್ಕೆ ವಿರುದ್ಧವಾದುದರಿಂದ ಜಾರಿಗೆ ಅರ್ಹವಲ್ಲವೆಂದು ನ್ಯಾಯಾಲಯ ಹೇಳಿತು. ಸಮ್ಮತಿಯನ್ನು ಸರಿಯಾಗಿ ಪಡೆಯಬೇಕು ಎಂಬುದು ಒಂದು ಪಾಠ. ಪಡೆಯುವ ಷರತ್ತೂ ನ್ಯಾಯಬದ್ಧವಾಗಿರಬೇಕು ಎಂಬುದು ಇನ್ನೊಂದು.

ದೊಡ್ಡ ಗ್ರಾಹಕರ ಪರ್ಚೇಸ್ ಆರ್ಡರ್

ದೊಡ್ಡ ಕಂಪನಿಗಳೊಡನೆ ವ್ಯವಹರಿಸುವ ಸಣ್ಣ ತಯಾರಕರು ಬೇರೊಂದು ತೊಡಕಿಗೆ ಸಿಲುಕುತ್ತಾರೆ. ತಮ್ಮ ದರಪತ್ರದಲ್ಲಿ ಅವರು 30 ದಿನಗಳ ಉದ್ರಿ ಎಂದು ಬರೆದಿರುತ್ತಾರೆ. ಕಂಪನಿಯ ಪರ್ಚೇಸ್ ಆರ್ಡರಿನಲ್ಲಿ 90 ದಿನ ಎಂದಿರುತ್ತದೆ. ಜೊತೆಗೆ ವಿಳಂಬಕ್ಕೆ ದಂಡ, ಬೇರೆ ಊರಿನ ನ್ಯಾಯವ್ಯಾಪ್ತಿ ಮುಂತಾದವೂ ಇರುತ್ತವೆ. ಷರತ್ತು ಬದಲಿಸಿ ಬಂದ ಆರ್ಡರ್ ಅಂಗೀಕಾರವಾಗದು. ಅದು ಹೊಸ ಪ್ರಸ್ತಾವ. ಅದನ್ನು ಪಡೆದು, ಆಕ್ಷೇಪವೆತ್ತದೆ ಕೆಲಸ ಆರಂಭಿಸಿದರೆ ಸಣ್ಣ ತಯಾರಕರೇ ದೊಡ್ಡವರ ಷರತ್ತುಗಳಿಗೆ ನಡತೆಯ ಮೂಲಕ ಒಪ್ಪಿದಂತಾಗುತ್ತದೆ. ಗ್ರಾಹಕರ ಸಮ್ಮತಿಯನ್ನು ಪಡೆಯಲು ಹೊರಟವರು ಅರಿವಿಲ್ಲದೆ ತಾವೇ ಸಮ್ಮತಿ ನೀಡಿರುತ್ತಾರೆ.

ಆದುದರಿಂದ ಪರ್ಚೇಸ್ ಆರ್ಡರ್ ಬಂದ ದಿನವೇ ಅದನ್ನು ದರಪತ್ರದೊಡನೆ ಹೋಲಿಸಿ ನೋಡುವುದು ಅವಶ್ಯ. ವ್ಯತ್ಯಾಸಗಳಿದ್ದಲ್ಲಿ ಕೆಲಸ ಆರಂಭಿಸುವ ಮೊದಲೇ "ಈ ಎರಡು ಅಂಶಗಳಿಗೆ ಒಪ್ಪಿಗೆಯಿಲ್ಲ, ತಿದ್ದಿದ ಆರ್ಡರ್ ಕಳುಹಿಸಿ" ಎಂದು ಲಿಖಿತವಾಗಿ ತಿಳಿಸಬೇಕು. ಈ ಒಂದು ಪತ್ರಕ್ಕೆ ತಗಲುವ ಕಾಲು ಗಂಟೆ ಮುಂದಿನ ಎಷ್ಟೋ ಅಲೆದಾಟಗಳನ್ನು ತಪ್ಪಿಸಬಲ್ಲದು.

ಪಾವತಿಯ ಅವಧಿ ಮತ್ತು ಬಡ್ಡಿ

ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೂ ಸೇವಾ ಘಟಕಗಳಿಗೂ 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆ ಆಸರೆಯಾಗಿದೆ. ಅದರ ಕಲಂ 15ರಂತೆ ಲಿಖಿತ ಒಪ್ಪಂದವಿದ್ದರೆ ಒಪ್ಪಿದ ದಿನಾಂಕದೊಳಗೆ ಹಣ ಪಾವತಿಯಾಗಬೇಕು. ಆ ಅವಧಿ ಯಾವ ಕಾರಣಕ್ಕೂ 45 ದಿನಗಳನ್ನು ಮೀರುವಂತಿಲ್ಲ. ಲಿಖಿತ ಒಪ್ಪಂದ ಇಲ್ಲದಿದ್ದರೆ ಅವಧಿ ಕೇವಲ 15 ದಿನ. ಮಾಲು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತವಾಗಿ ಆಕ್ಷೇಪಿಸದಿದ್ದರೆ, ತಲುಪಿದ ದಿನವೇ ಅದನ್ನು ಸ್ವೀಕರಿಸಿದರೆಂದು ಈ ಲೆಕ್ಕಕ್ಕೆ ಭಾವಿಸಲಾಗುತ್ತದೆ. ಎರಡು ತಿಂಗಳ ನಂತರ ಬಾಯಿಮಾತಿನಲ್ಲಿ ಬಂದ ದೂರು ಪಾವತಿಯ ಗಡುವನ್ನು ಮುಂದೂಡುವುದಿಲ್ಲ. ವಿಳಂಬಕ್ಕೆ ಕಲಂ 16ರಂತೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಸಲ್ಲುತ್ತದೆ. ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಬ್ಯಾಂಕ್ ದರ ಶೇ. 6 ಎಂದು ಭಾವಿಸಿದರೆ ಬಡ್ಡಿ ಶೇ. 18, 1,80,000 ರೂಪಾಯಿಗಳ ಬಿಲ್ಲಿಗೆ ಮೊದಲ ತಿಂಗಳಿಗೇ 2,700 ರೂಪಾಯಿ.

2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪರಿಷ್ಕರಣೆಯಂತೆ ಹೂಡಿಕೆ 2.5 ಕೋಟಿ ಮತ್ತು ವಹಿವಾಟು 10 ಕೋಟಿ ರೂಪಾಯಿ ಮೀರದ ಘಟಕ ಸೂಕ್ಷ್ಮ. ಹೂಡಿಕೆ 25 ಕೋಟಿ ಮತ್ತು ವಹಿವಾಟು 100 ಕೋಟಿ ಮೀರದಿದ್ದರೆ ಸಣ್ಣ ಘಟಕ. ನೋಂದಣಿಯನ್ನು ಆರ್ಡರ್ ಒಪ್ಪಿಕೊಳ್ಳುವ ಮೊದಲೇ ಮಾಡಿಸಿ, ಅದರ ಸಂಖ್ಯೆಯನ್ನು ದರಪತ್ರದಲ್ಲಿಯೂ ಬಿಲ್ಲಿನಲ್ಲಿಯೂ ನಮೂದಿಸುವುದು ಕ್ಷೇಮ. ಕೇವಲ ಖರೀದಿಸಿ ಮಾರುವ ವರ್ತಕರು 2021ರ ಜುಲೈನಿಂದ ಉದ್ಯಮ್ ನೋಂದಣಿ ಪಡೆಯಬಹುದಾದರೂ ಅದರ ಪ್ರಯೋಜನ ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ವರ್ತಕರಿಗೆ ಸ್ವಂತ ಷರತ್ತುಗಳೇ ಮುಖ್ಯ ಆಧಾರ. ಬಡ್ಡಿಯ ಷರತ್ತು ಸಾಬೀತಾಗದಿದ್ದರೆ ಬಿಲ್ಲಿನಲ್ಲಿ ಶೇ. 24 ಎಂದು ಅಚ್ಚಾಗಿದ್ದರೂ ಬಡ್ಡಿಯ ದರ ನ್ಯಾಯಾಲಯದ ವಿವೇಚನೆಗೆ ಬಿಟ್ಟ ವಿಷಯವಾಗುತ್ತದೆ.

ಸಹಿಯಿಂದ ಗ್ರಾಹಕರಿಗೂ ಅನುಕೂಲ

ಹಳೆಯ ಗಿರಾಕಿಯಿಂದ ಸಹಿ ಕೇಳಿದರೆ ವಿಶ್ವಾಸ ಕೆಡುತ್ತದೆ ಎಂಬ ಸಂಕೋಚ ಅನೇಕರಲ್ಲಿದೆ. ಈ ಸಂಕೋಚಕ್ಕೆ ಉತ್ತರ ತೆರಿಗೆ ಕಾನೂನಿನಲ್ಲಿಯೇ ದೊರೆಯುತ್ತದೆ. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯ ಕಲಂ 43ಬಿಗೆ ಹೊಸ ಉಪವಿಧಿಯೊಂದನ್ನು ಸೇರಿಸಿತು. ಅದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಕೊಡಬೇಕಾದ ಹಣವನ್ನು ಮೇಲೆ ಹೇಳಿದ ಕಲಂ 15ರ ಅವಧಿಯೊಳಗೆ ಕೊಡದಿದ್ದರೆ, ಹಣವನ್ನು ವಾಸ್ತವವಾಗಿ ಕೊಟ್ಟ ವರ್ಷದಲ್ಲಷ್ಟೇ ಅದನ್ನು ವೆಚ್ಚವೆಂದು ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಅಂದರೆ ಮಾರ್ಚ್ ಅಂತ್ಯಕ್ಕೆ ಅವಧಿ ಮೀರಿದ ಬಾಕಿ ಉಳಿಸಿಕೊಂಡ ಖರೀದಿದಾರರು ಆ ಮೊತ್ತಕ್ಕೂ ಆ ವರ್ಷ ತೆರಿಗೆ ತೆರಬೇಕಾಗುತ್ತದೆ.

ಲಿಖಿತ ಒಪ್ಪಂದವಿಲ್ಲದ ಖರೀದಿದಾರರಿಗೆ ದೊರೆಯುವುದು 15 ದಿನ. ಲಿಖಿತ ಒಪ್ಪಂದವಿದ್ದರೆ 45 ದಿನಗಳವರೆಗೆ ಅವಕಾಶವುಂಟು. ಆದ್ದರಿಂದ ಷರತ್ತುಪತ್ರಕ್ಕೆ ಸಹಿ ಹಾಕುವುದರಲ್ಲಿ ಗ್ರಾಹಕರ ಹಿತವೂ ಅಡಗಿದೆ. "ನಿಮ್ಮ ಲೆಕ್ಕಪರಿಶೋಧಕರನ್ನೇ ಕೇಳಿ ನೋಡಿ" ಎಂದು ವಿನಯದಿಂದ ಹೇಳಿ ಕಾಗದ ಮುಂದಿಟ್ಟರೆ ವಿಶ್ವಾಸಕ್ಕೆ ಧಕ್ಕೆಯಾಗುವ ಪ್ರಸಂಗ ವಿರಳ.

ಸಮ್ಮತಿ ಪಡೆಯುವ ಕ್ರಮ

ಮೊದಲನೆಯದಾಗಿ, ಷರತ್ತುಗಳನ್ನು ಒಂದೇ ಪುಟಕ್ಕೆ ಮಿತಿಗೊಳಿಸಿ, ಸಲೀಸಾಗಿ ಓದಬಹುದಾದ ಅಕ್ಷರಗಳಲ್ಲಿ ಮುದ್ರಿಸಬೇಕು. ಕನ್ನಡ ಬಲ್ಲ ಗ್ರಾಹಕರಿಗೆ ಕನ್ನಡದಲ್ಲಿಯೇ ಕೊಡುವುದು ಉತ್ತಮ. ತಿಳಿಯದ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡೆವೆಂಬ ಆಪಾದನೆಗೆ ಆಗ ಎಡೆಯಿರುವುದಿಲ್ಲ.

ಎರಡನೆಯದಾಗಿ, ಈ ಪುಟವನ್ನು ದರಪತ್ರದೊಂದಿಗೆ ಲಗತ್ತಿಸಿ, ದರಪತ್ರದ ಮುಂಬದಿಯಲ್ಲಿಯೇ "ಜೊತೆಗಿರುವ ಷರತ್ತುಗಳಿಗೆ ಒಳಪಟ್ಟಿದೆ" ಎಂದು ಕಾಣುವಂತೆ ಬರೆಯಬೇಕು.

ಮೂರನೆಯದಾಗಿ, ಕೆಲಸ ಆರಂಭಿಸುವ ಮೊದಲು ಅದರ ಒಂದು ಪ್ರತಿಗೆ ಸಹಿ, ಹೆಸರು, ಹುದ್ದೆ, ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಒಕ್ಕಣೆ ಹೀಗಿರಬಹುದು: "ದರಪತ್ರ ಸಂಖ್ಯೆ ...ನ್ನೂ ಅದರೊಂದಿಗಿನ ಷರತ್ತುಗಳನ್ನೂ ಓದಿ, ಅರ್ಥಮಾಡಿಕೊಂಡು, ಒಪ್ಪಿ ಈ ಆರ್ಡರ್ ನೀಡುತ್ತಿದ್ದೇವೆ. ನಮ್ಮ ಆರ್ಡರಿನಲ್ಲಿ ಇವಕ್ಕೆ ವಿರುದ್ಧವಾದ ಅಂಶಗಳಿದ್ದರೆ, ಉಭಯರೂ ಲಿಖಿತವಾಗಿ ಒಪ್ಪದ ಹೊರತು ಅವು ಅನ್ವಯಿಸುವುದಿಲ್ಲ."

ನಾಲ್ಕನೆಯದಾಗಿ, ಪದೇ ಪದೇ ಬರುವ ಗ್ರಾಹಕರಿಂದ ಪ್ರತಿ ಆರ್ಡರಿಗೂ ಸಹಿ ಕೇಳಬೇಕಾಗಿಲ್ಲ. "ಇಂದಿನಿಂದ ನೀಡುವ ಎಲ್ಲ ಆರ್ಡರುಗಳಿಗೂ ಈ ಷರತ್ತುಗಳು ಅನ್ವಯಿಸುತ್ತವೆ" ಎಂಬ ಪತ್ರಕ್ಕೆ ಆರ್ಥಿಕ ವರ್ಷದ ಆರಂಭದಲ್ಲಿ ಒಮ್ಮೆ ಸಹಿ ಪಡೆದರೆ ಸಾಕು. ಅದೇ ಸಂದರ್ಭದಲ್ಲಿ ಮಾರ್ಚ್ 31ರ ಬಾಕಿಯ ದೃಢೀಕರಣವನ್ನೂ ಪಡೆಯಬಹುದು. ಮಾರಿದ ಸರಕಿನ ಬೆಲೆಗಾಗಿ ದಾವೆ ಹೂಡಲು ಸಾಮಾನ್ಯವಾಗಿ ಇರುವ ಕಾಲಮಿತಿ ಮೂರು ವರ್ಷ. ಅದು ಮುಗಿಯುವ ಮುನ್ನ ಸಾಲವನ್ನು ಒಪ್ಪಿ ಸಹಿ ಮಾಡಿದ ಪತ್ರ ದೊರೆತರೆ ಆ ದಿನದಿಂದ ಹೊಸದಾಗಿ ಎಣಿಕೆ ಆರಂಭವಾಗುತ್ತದೆ.

ಐದನೆಯದಾಗಿ, ಫೋನಿನಲ್ಲಿ ಬಂದ ಆರ್ಡರನ್ನು ಅಂದೇ ಇ-ಮೇಲ್ ಅಥವಾ ವಾಟ್ಸ್ಆ್ಯಪ್ ಮೂಲಕ ಷರತ್ತುಪತ್ರದೊಂದಿಗೆ ದೃಢೀಕರಿಸಿ, "ಒಪ್ಪಿದೆ" ಎಂಬ ಉತ್ತರ ಬಂದ ಮೇಲೆ ಕೆಲಸ ಆರಂಭಿಸಬೇಕು. ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 10ಎ ಹೇಳುತ್ತದೆ. ಇ-ಮೇಲ್‌ಗಳ ವಿನಿಮಯದಿಂದಲೇ ಕರಾರು ಪೂರ್ಣಗೊಳ್ಳಬಹುದೆಂದು 'ಟ್ರೈಮೆಕ್ಸ್' ಮತ್ತು 'ವೇದಾಂತ' ಸಂಸ್ಥೆಗಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಹೇಳಿದೆ. ಇಂಥ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ. ಫೋನು ಬದಲಿಸುವಾಗ ಹಳೆಯ ಸಂದೇಶಗಳನ್ನು ಅಳಿಸದಿರುವುದು ಒಳಿತು.

ಷರತ್ತುಗಳ ಆಯ್ಕೆಯಲ್ಲಿ ಎಚ್ಚರ

ಬರೆದುದೆಲ್ಲವೂ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ದಂಡದ ಮೊತ್ತವನ್ನು ಎಷ್ಟೇ ಬರೆದರೂ ಕಲಂ 74ರಂತೆ ದೊರೆಯುವುದು ಆ ಮಿತಿಯೊಳಗಿನ ಸಮಂಜಸ ಪರಿಹಾರ ಮಾತ್ರ. "7 ದಿನಗಳಲ್ಲಿ ದೋಷವನ್ನು ಲಿಖಿತವಾಗಿ ತಿಳಿಸಬೇಕು" ಎನ್ನುವುದು ಪರಿಶೀಲನೆಗೆ ಸಂಬಂಧಿಸಿದ ಸರಿಯಾದ ಷರತ್ತು. "ಆನಂತರ ಯಾವ ಹಕ್ಕೂ ಇರುವುದಿಲ್ಲ, ನ್ಯಾಯಾಲಯಕ್ಕೂ ಹೋಗುವಂತಿಲ್ಲ" ಎಂದು ಬರೆದರೆ ಕಲಂ 28 ಅಡ್ಡಬರುತ್ತದೆ. ಸ್ವಂತ ಬಳಕೆಗೆ ಕೊಳ್ಳುವ ಗ್ರಾಹಕರಿಗೆ "ಮಾರಿದ ಸರಕನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ" ಎಂದು ಹೇಳಿ ದೋಷಯುಕ್ತ ಸರಕನ್ನು ನಿರಾಕರಿಸಿದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅದೇ ಅನುಚಿತ ವ್ಯಾಪಾರ ಪದ್ಧತಿ ಎನಿಸಿಕೊಳ್ಳಬಹುದು.

ನ್ಯಾಯವ್ಯಾಪ್ತಿಯ ಸಾಲಿನಲ್ಲಿ ಒಂದೊಂದು ಪದಕ್ಕೂ ಬೆಲೆಯಿದೆ. 'ಎ.ಬಿ.ಸಿ. ಲ್ಯಾಮಿನಾರ್ಟ್' ಪ್ರಕರಣದಲ್ಲಿ ಆರ್ಡರ್ ದೃಢೀಕರಣದ ಷರತ್ತು ಗುಜರಾತಿನ ಕೈರಾ ನ್ಯಾಯವ್ಯಾಪ್ತಿಯನ್ನು ಹೆಸರಿಸಿದ್ದರೂ, "ಮಾತ್ರ" ಎಂಬ ಅರ್ಥದ ಪದವಿಲ್ಲದ ಕಾರಣ ಸೇಲಂ ನ್ಯಾಯಾಲಯದ ಅಧಿಕಾರ ಹೋಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿ ಹೇಳಿತು. 2013ರ 'ಸ್ವಸ್ತಿಕ್ ಗ್ಯಾಸಸ್' ತೀರ್ಪಿನಲ್ಲಿ ಅಂಥ ಪದವಿಲ್ಲದಿದ್ದರೂ ಕೋಲ್ಕತ್ತದ ಷರತ್ತನ್ನು ಎತ್ತಿಹಿಡಿಯಿತು. ವಿವಾದಕ್ಕೆ ಎಡೆಗೊಡದೆ "ಬೆಂಗಳೂರಿನ ನ್ಯಾಯಾಲಯಗಳಿಗೆ ಮಾತ್ರ" ಎಂದು ಬರೆಯುವುದೇ ಜಾಣತನ.

ಜಾಬ್ ವರ್ಕ್ ಮಾಡುವವರು ಇನ್ನೊಂದು ಅಂಶವನ್ನು ಮರೆಯಬಾರದು. ಶ್ರಮ ಮತ್ತು ಕೌಶಲ ಹಾಕಿದ ವಸ್ತುವನ್ನು ಅದರ ಕೂಲಿ ಬರುವವರೆಗೆ ತಮ್ಮಲ್ಲಿಟ್ಟುಕೊಳ್ಳುವ ಹಕ್ಕನ್ನು, ಬೇರೆ ಒಪ್ಪಂದವಿಲ್ಲದಿದ್ದರೆ, ಕರಾರು ಕಾಯ್ದೆಯ ಕಲಂ 170 ಕೊಡುತ್ತದೆ. ಹಳೆಯ ಬಿಲ್ಲಿನ ಬಾಕಿಗಾಗಿ ಇಂದು ಬಂದ ಮಾಲನ್ನು ತಡೆಹಿಡಿಯುವ ಹಕ್ಕು ಮಾತ್ರ ತಾನಾಗಿ ಬರುವುದಿಲ್ಲ. ಕಲಂ 171ರಲ್ಲಿ ಹೆಸರಿಸಿದ ಬ್ಯಾಂಕುಗಳೇ ಮೊದಲಾದ ಕೆಲವು ವರ್ಗಗಳನ್ನು ಬಿಟ್ಟು ಉಳಿದವರಿಗೆ ಅದಕ್ಕೆ ಸ್ಪಷ್ಟ ಒಪ್ಪಂದವೇ ಬೇಕು. ಉದ್ರಿ ಕೊಡುವ ಘಟಕಗಳಿಗೆ ಈ ಒಂದು ಷರತ್ತು ಶೇ. 24ರ ಬಡ್ಡಿಗಿಂತ ಹೆಚ್ಚು ಉಪಯುಕ್ತ.

ಉಪಸಂಹಾರ

ಆರಂಭದಲ್ಲಿ ಹೇಳಿದ ಪೌಡರ್ ಕೋಟಿಂಗ್ ಘಟಕ ಉದ್ಯಮ್ ನೋಂದಣಿ ಪಡೆದಿದ್ದರೆ ಕಾಯ್ದೆಯ ಬಡ್ಡಿಯನ್ನು ಕೇಳಿ ಫೆಸಿಲಿಟೇಷನ್ ಕೌನ್ಸಿಲ್ ಮೆಟ್ಟಿಲೇರಬಹುದು. ಆದರೆ ದೋಷದ ಕಡಿತದ ಬಗ್ಗೆ ಅಲ್ಲಿಯೂ ವಾದ ನಡೆಯುತ್ತದೆ: ಬಣ್ಣದ ಪದರ ಎಷ್ಟು ದಪ್ಪವಿರಬೇಕಿತ್ತು, ತಪಾಸಣೆ ಯಾರು ಎಂದು ಮಾಡಬೇಕಿತ್ತು, ದೋಷ ಕಂಡರೆ ಮರುಕೆಲಸವೋ ಕಡಿತವೋ ಎಂಬ ಪ್ರಶ್ನೆಗಳಿಗೆ ಉತ್ತರ ಕಾಗದದ ಮೇಲಿರುವುದಿಲ್ಲ. ತಗಡಿನ ಪೆಟ್ಟಿಗೆಗಳು ಟೆಂಪೋದಿಂದ ಇಳಿಯುವ ಮೊದಲೇ ಒಂದು ಪುಟಕ್ಕೆ ಸಹಿ ಬಿದ್ದಿದ್ದರೆ ಈ ಪ್ರಶ್ನೆಗಳು ಅಂದೇ ಬಗೆಹರಿಯುತ್ತಿದ್ದವು. ಬಹುಶಃ ಗ್ರಾಹಕರೂ ಕೈತಪ್ಪುತ್ತಿರಲಿಲ್ಲ. ಹೊಸ ಬಿಲ್ಲು ಪುಸ್ತಕ ಅಚ್ಚು ಹಾಕಿಸಲು ಹೊರಡುವ ವರ್ತಕರು ಮತ್ತು ಉದ್ಯಮಿಗಳು, ಹಿಂಬದಿಯ ಆ ಸಾಲುಗಳನ್ನು ಒಮ್ಮೆ ಓದಿ, ತಮ್ಮ ವ್ಯವಹಾರಕ್ಕೆ ತಕ್ಕಂತೆ ತಿದ್ದಿ, ಸಲಹೆಗಾರರಿಗೆ ತೋರಿಸಿ, ದರಪತ್ರದ ಮುಂಬದಿಗೆ ತರುವುದು ಹಿತಕರ.